ಒಂದೇ ಹೃದಯದವರು ಬದುಕುವುದು ಹೇಗೆ?

ಕಳೆದ ಬೇಸಿಗೆ ರಜೆಯಲ್ಲಿ ನಾನು ಮೊಬೈಲಿನಲ್ಲಿ ‘ಡಾಕ್ಟರ್ ಹೂ’ ಎಂಬ ಇಂಗ್ಲಿಷ್ ಧಾರಾವಾಹಿಯ ಕಂತುಗಳನ್ನು ಒಂದರ ಹಿಂದೆ ಒಂದು ನೋಡಿದೆ. ಬಿಬಿಸಿ 1963ರಲ್ಲಿ ಶುರು ಮಾಡಿದ ಧಾರಾವಾಹಿ ಅದು. ಅದರ ನಾಯಕ ನೋಡಲು ನಮ್ಮ ಹಾಗೆಯೇ ಇದ್ದಾನೆ. ಆದರೆ ಅವನು ಬೇರೆ ಗ್ರಹದವನು, ಎದೆಯೊಳಗೆ ಎರಡು ಹೃದಯಗಳಿರುವವನು. 1970ರ ಒಂದು ಕಥೆಯಲ್ಲಿ ಅವನನ್ನು ಆಸ್ಪತ್ರೆಗೆ ಸೇರಿಸುತ್ತಾರೆ. ಎಕ್ಸ್‌ರೇಯಲ್ಲಿ ಎರಡು ಹೃದಯ ಕಂಡಾಗ ಅಲ್ಲಿನ ವೈದ್ಯರು ಯಾರೋ ತಮಾಷೆ ಮಾಡಿದ್ದಾರೆಂದು ಸಿಟ್ಟಾಗುತ್ತಾರೆ.

2007ರ ಇನ್ನೊಂದು ಕಂತಿನಲ್ಲಿ ಒಬ್ಬಳು ಮಾಟಗಾತಿ ಅವನ ಒಂದು ಹೃದಯವನ್ನು ನಿಲ್ಲಿಸಿಬಿಡುತ್ತಾಳೆ. ಸತ್ತನೆಂದು ಎಣಿಸಿದವನು ಸತ್ತಿರುವುದಿಲ್ಲ, ಇನ್ನೊಂದು ಹೃದಯ ನಡೆಯುತ್ತಲೇ ಇರುತ್ತದೆ. ಆದರೂ ತೂರಾಡುತ್ತಾನೆ, ನಿಲ್ಲಲು ಆಗುವುದಿಲ್ಲ. ಜೊತೆಯಲ್ಲಿದ್ದ ವೈದ್ಯಕೀಯ ವಿದ್ಯಾರ್ಥಿನಿ ಅವನ ಎದೆಗೆ, ಬೆನ್ನಿಗೆ ಗುದ್ದಿ ನಿಂತ ಹೃದಯವನ್ನು ಮತ್ತೆ ಹೊರಡಿಸುತ್ತಾಳೆ. ಆ ಗಡಿಬಿಡಿಯಲ್ಲಿ ಅವನು ಕೇಳುವುದು ಇದನ್ನೇ: ಒಂದೇ ಹೃದಯ ಇಟ್ಟುಕೊಂಡು ನೀವೆಲ್ಲ ಹೇಗೆ ಬದುಕುತ್ತೀರಿ?

ಆಗ ನಾನು ನಕ್ಕಿದ್ದೆ. ಆರು ತಿಂಗಳ ನಂತರ ಅದೇ ಪ್ರಶ್ನೆ ನನ್ನನ್ನು ನಿದ್ದೆಗೆಡಿಸಿತು. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲು ಎರಡು ಹೃದಯದ ವಿಷಯ.

ಅನ್ಯಗ್ರಹದವರನ್ನು ಕಲ್ಪಿಸುವ ಕಥೆಗಾರರಿಗೆ ಹೃದಯ ಎಂದರೆ ಬಹಳ ಪ್ರೀತಿ. ‘ಸ್ಟಾರ್ ಟ್ರೆಕ್’ ಸರಣಿಯ 1992ರ ಒಂದು ಕಂತಿನಲ್ಲಿ ಕ್ಲಿಂಗಾನ್ ಎಂಬ ಯೋಧ ಜನಾಂಗದವರ ಹೃದಯಕ್ಕೆ ಎಂಟು ಕೋಣೆಗಳಿವೆ, ಲಿವರ್ ಎರಡಿವೆ ಎಂದು ಬರುತ್ತದೆ. ಅದನ್ನು ನೋಡಿದಾಗ ನನಗೆ ಮೊದಲು ನೆನಪಾದದ್ದು ನಮ್ಮ ಕನ್ನಡದ ಮಾತು. ಧೈರ್ಯದ ಕೆಲಸಕ್ಕೆ ‘ಎಂಟೆದೆ ಬೇಕು’ ಎನ್ನುತ್ತೇವಲ್ಲ! ಅಲ್ಲಿಯವರ ಕಲ್ಪನೆಯೂ ನಮ್ಮ ಗಾದೆಯೂ ಒಂದೇ ಲೆಕ್ಕದಲ್ಲಿ ನಡೆಯುತ್ತವೆ. ಹೃದಯ ಹೆಚ್ಚಿದಷ್ಟು ಬಲ ಹೆಚ್ಚು, ಒಂದು ಕೆಟ್ಟರೆ ಇನ್ನೊಂದು ಇದೆ. ಲಾರಿಯವರು ಸ್ಟೆಪ್ನಿ ಟಯರ್ ಇಟ್ಟುಕೊಂಡ ಹಾಗೆ.

ಈ ಲೆಕ್ಕ ಸರಿಯೇ? ಅನ್ಯಗ್ರಹಕ್ಕೆ ಹೋಗಿ ನೋಡಲು ಆಗುವುದಿಲ್ಲ. ಆದರೆ ಒಂದಕ್ಕಿಂತ ಹೆಚ್ಚು ಹೃದಯವಿರುವ ಪ್ರಾಣಿ ನಮ್ಮ ಗಂಗೊಳ್ಳಿ ಬಂದರಿನಲ್ಲಿ ಬುಟ್ಟಿಗಟ್ಟಲೆ ಸಿಗುತ್ತದೆ. ಅದರ ಸುಕ್ಕವನ್ನು ನಮ್ಮಲ್ಲಿ ಅನೇಕರು ತಿಂದಿದ್ದೇವೆ. ಬೊಂಡಾಸ್. ಪುಸ್ತಕದಲ್ಲಿ ಅದರ ಹೆಸರು ಸ್ಕ್ವಿಡ್. ಅದಕ್ಕೆ ಎರಡಲ್ಲ, ಮೂರು ಹೃದಯಗಳು.

ನಮ್ಮ ಅಬ್ಬ ಬಂದರಿನಲ್ಲಿ ಮೀನಿನ ಲೋಡಿನ ಲೆಕ್ಕ ಬರೆಯುತ್ತಾರೆ. ಒಂದು ಭಾನುವಾರ ಅವರ ಜೊತೆ ಹೋಗಿ ಎರಡು ಬೊಂಡಾಸ್ ತಂದು ಮನೆಯ ಹಿಂದಿನ ಕಲ್ಲಿನ ಮೇಲೆ ಬ್ಲೇಡಿನಿಂದ ಸೀಳಿ ನೋಡಿದೆ. ಸಾರಿಗೆ ಹಾಕುವಾಗ ಉಮ್ಮ ಅದರ ಒಳಗಿನದನ್ನೆಲ್ಲ ಒಂದೇ ಎಳೆತಕ್ಕೆ ಕಿತ್ತು ಬಿಸಾಡುತ್ತಾರೆ. ಹಾಗೆ ಮಾಡದೆ, ನೀರು ಚಿಮ್ಮಿಸುವ ಕೊಳವೆ ಇರುವ ಬದಿಯಿಂದ ಮೆಲ್ಲನೆ ಸೀಳಿದರೆ ಎರಡು ಬದಿಯಲ್ಲಿ ಹಕ್ಕಿಯ ಗರಿಯಂಥ ಎರಡು ಕಿವಿರುಗಳು ಕಾಣುತ್ತವೆ. ನಡುವೆ ಬೆಳ್ಳಿಯಂತೆ ಹೊಳೆಯುವ ಮಸಿ ಚೀಲ. ಪ್ರತಿ ಕಿವಿರಿನ ಬುಡದಲ್ಲಿ ಮಣಿಯಂಥ ಒಂದು ಸಣ್ಣ ಗಂಟು. ಅವೆರಡೂ ಕಿವಿರಿನ ಹೃದಯಗಳು. ಅವುಗಳ ನಡುವೆ ಮೂರನೆಯದು, ಇಡೀ ದೇಹದ ಹೃದಯ.

ಮೂರು ಯಾಕೆ ಬೇಕಾಯಿತು? ರಕ್ತ ಕಿವಿರಿನ ಒಳಗಿನ ಕೂದಲೆಳೆಗಿಂತ ಸಣ್ಣ ನಾಳಗಳಲ್ಲಿ ನುಗ್ಗಿ ಹೊರಬರುವಷ್ಟರಲ್ಲಿ ಅದರ ಒತ್ತಡ ಕುಗ್ಗುತ್ತದೆ. ಬಂಗುಡೆ, ಭೂತಾಯಿಯಂಥ ಮೀನುಗಳಿಗೆ ಒಂದೇ ಹೃದಯ. ಅದು ರಕ್ತವನ್ನು ಕಿವಿರಿಗೆ ತಳ್ಳುತ್ತದೆ, ಅಲ್ಲಿಂದ ರಕ್ತ ಉಳಿದ ಕಡಿಮೆ ಒತ್ತಡದಲ್ಲೇ ದೇಹಕ್ಕೆ ಹೋಗುತ್ತದೆ. ಬೊಂಡಾಸಿನ ಸಮಸ್ಯೆ ಬೇರೆ. ಅದರ ರಕ್ತ ಕೆಂಪಲ್ಲ. ನಮ್ಮ ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣ ಇರುವ ಜಾಗದಲ್ಲಿ ಅದರ ಹಿಮೋಸಯನಿನ್‌ನಲ್ಲಿ ತಾಮ್ರವಿದೆ. ಆದ್ದರಿಂದ ಆಮ್ಲಜನಕ ಸೇರಿದಾಗ ರಕ್ತ ನೀಲಿಯಾಗುತ್ತದೆ. ಆ ರಕ್ತ ನಮ್ಮ ರಕ್ತದಷ್ಟು ಆಮ್ಲಜನಕವನ್ನು ಹೊರಲಾರದು. ಆದರೆ ಬೊಂಡಾಸ್ ವೇಗವಾಗಿ ಈಜಿ ಬೇಟೆಯಾಡುವ ಪ್ರಾಣಿ. ಹೀಗಾಗಿ ರಕ್ತವನ್ನು ಕಿವಿರಿನೊಳಗೆ ಜೋರಾಗಿ ತಳ್ಳಲು ಎರಡು ಪಂಪು, ಅಲ್ಲಿಂದ ಬಂದದ್ದನ್ನು ದೇಹಕ್ಕೆ ಕಳಿಸಲು ಇನ್ನೊಂದು ಪಂಪು.

ತೋಟವಿದ್ದವರಿಗೆ ಇದು ಬೇಗ ಅರ್ಥವಾದೀತು. ಬಾವಿಯಿಂದ ಟ್ಯಾಂಕಿಗೆ ನೀರು ಎತ್ತುವ ಪಂಪು ಒಂದು, ಟ್ಯಾಂಕಿನಿಂದ ಗುಡ್ಡೆಯ ಮೇಲಿನ ಅಡಿಕೆ ಗಿಡಗಳಿಗೆ ಬಿಡುವ ಪಂಪು ಇನ್ನೊಂದು. ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸ ಮಾಡುವುದಿಲ್ಲ. ಭೌತಶಾಸ್ತ್ರದ ಭಾಷೆಯಲ್ಲಿ ಇದು ಶ್ರೇಣಿ ಜೋಡಣೆ, ಸಮಾಂತರ ಜೋಡಣೆ ಅಲ್ಲ. ಬೊಂಡಾಸಿನ ಮೂರು ಹೃದಯಗಳಲ್ಲಿ ಒಂದೂ ಸ್ಟೆಪ್ನಿ ಅಲ್ಲ. ಅದರ ಬಂಧು ಆಕ್ಟೋಪಸ್‌ಗೂ ಮೂರು ಹೃದಯಗಳೇ. ಅದು ಈಜಲು ಹೊರಟರೆ ದೇಹದ ಮುಖ್ಯ ಹೃದಯ ಬಡಿಯುವುದನ್ನು ನಿಲ್ಲಿಸುತ್ತದೆ. ಅದಕ್ಕೇ ಬೇಗ ಸುಸ್ತಾಗುತ್ತದೆ, ಈಜುವುದಕ್ಕಿಂತ ತೆವಳುವುದೇ ಅದಕ್ಕೆ ಇಷ್ಟ. ಮೂರು ಹೃದಯವಿದ್ದೂ ಈ ಅವಸ್ಥೆ!

ಬಂದರಿನಲ್ಲಿ ಬಲೆ ಬಿಡಿಸುತ್ತಿದ್ದ ಒಬ್ಬ ಹಿರಿಯರಿಗೆ ನಾನು ಉತ್ಸಾಹದಿಂದ ಈ ಸಂಗತಿ ಹೇಳಿದ್ದೆ. ಅವರು ತಲೆ ಎತ್ತದೆ ಹೇಳಿದರು, “ಮೂರ್ ಗುಂಡ್ಗಿ ಇದ್ರೂ ಬಲೆಗೆ ಬಿತ್ತಲ್ದಾ ಮಗಾ?” ನನ್ನ ಇಡೀ ಲೇಖನದ ಅರ್ಧ ಅದೇ.

ಇನ್ನು ನಮ್ಮ ಹೃದಯ. ಅದು ಒಂದೇ ಎಂದು ಎಣಿಸುತ್ತೇವೆ. ಕೆಲಸ ನೋಡಿದರೆ ಅದು ಬೆನ್ನಿಗೆ ಬೆನ್ನು ಅಂಟಿಸಿದ ಎರಡು ಪಂಪು. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿಂದ ತಿರುಗಿ ಬಂದದ್ದನ್ನು ಎಡಭಾಗ ತಲೆಯಿಂದ ಕಾಲಿನವರೆಗೆ ತಳ್ಳುತ್ತದೆ. ಎಡಗೋಡೆ ದಪ್ಪ, ಬಲಗೋಡೆ ತೆಳು, ಯಾಕೆಂದರೆ ಶ್ವಾಸಕೋಶ ಪಕ್ಕದಲ್ಲೇ ಇದೆ, ಕಾಲಿನ ಬೆರಳು ದೂರದಲ್ಲಿದೆ. ಬೊಂಡಾಸ್ ಬೇರೆ ಬೇರೆ ಇಟ್ಟ ಪಂಪುಗಳನ್ನು ನಮ್ಮ ದೇಹ ಒಂದೇ ಗೂಡಿನಲ್ಲಿ ಇಟ್ಟಿದೆ. ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 72 ಬಡಿತ, ಅಂದರೆ ನಿಮಿಷಕ್ಕೆ 5 ಲೀಟರ್. ಇದು ನಮಗೆಲ್ಲ ಬಾಯಿಪಾಠ.

ಈ ಎರಡು ಪಂಪಿನ ಗುಟ್ಟನ್ನು ಮೊದಲು ಬರೆದಿಟ್ಟವರಲ್ಲಿ ಒಬ್ಬರ ಹೆಸರು ನಮ್ಮ ಪಠ್ಯದಲ್ಲಿ ಕಾಣುವುದಿಲ್ಲ. ಇಬ್ನ್ ಅನ್ನಫೀಸ್. ದಮಾಸ್ಕಸ್‌ನಲ್ಲಿ ಓದಿ ಕೈರೋದಲ್ಲಿ ವೈದ್ಯರಾಗಿದ್ದವರು. ಹೃದಯದ ನಡುಗೋಡೆಯಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿವೆ, ರಕ್ತ ಅದರ ಮೂಲಕ ಬಲದಿಂದ ಎಡಕ್ಕೆ ದಾಟುತ್ತದೆ ಎಂದು ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷ ಎಲ್ಲರೂ ನಂಬಿದ್ದರು. ಇಬ್ನ್ ಸೀನಾರ ಗ್ರಂಥದ ಅಂಗರಚನೆಯ ಭಾಗಕ್ಕೆ 1242ರಲ್ಲಿ ಬರೆದ ವ್ಯಾಖ್ಯಾನದಲ್ಲಿ ಇಬ್ನ್ ಅನ್ನಫೀಸ್ ಅದನ್ನು ಒಪ್ಪಲಿಲ್ಲ. ಆ ಗೋಡೆ ಗಟ್ಟಿ, ಅಲ್ಲಿ ದಾರಿಯಿಲ್ಲ, ರಕ್ತ ಶ್ವಾಸಕೋಶವನ್ನು ಸುತ್ತಿಯೇ ಎಡಕ್ಕೆ ಬರಬೇಕು ಎಂದರು. ಕುಂದಾಪುರದ ದಡದಲ್ಲಿ ನಿಂತರೆ ಗಂಗೊಳ್ಳಿ ಎದುರಿಗೇ ಕಾಣುತ್ತದೆ, ಆದರೆ ಬಸ್ಸಿನಲ್ಲಿ ಹೋಗಲು ಹೆಮ್ಮಾಡಿ, ತ್ರಾಸಿ ಸುತ್ತಬೇಕು. ರಕ್ತದ ಪಾಡೂ ಅದೇ. ಅವರ ಈ ಮಾತು ಎಷ್ಟೋ ಕಾಲ ಮರೆತುಹೋಗಿತ್ತು. 1924ರಲ್ಲಿ ಈಜಿಪ್ಟಿನ ಒಬ್ಬ ಯುವ ವೈದ್ಯ ಬರ್ಲಿನ್‌ನ ಗ್ರಂಥಾಲಯದಲ್ಲಿ ಆ ಹಸ್ತಪ್ರತಿಯನ್ನು ಕಂಡರು.

ಎರಡು ಹೃದಯದ ಮಾತು ಬಂದಾಗ ನಮ್ಮಲ್ಲಿ ಹಲವರಿಗೆ ಸೂರಃ ಅಲ್‌ಅಹ್‌ಝಾಬ್‌ನ 4ನೇ ಆಯತ್ ನೆನಪಾಗಿರಬಹುದು. ಮನುಷ್ಯನ ಒಳಗೆ ಎರಡು ಹೃದಯಗಳಿಲ್ಲ ಎಂಬ ವಿಷಯ ಅಲ್ಲಿ ಬರುತ್ತದೆ. ಅದು ಶರೀರಶಾಸ್ತ್ರದ ಪಾಠವಲ್ಲ, ಮನುಷ್ಯ ಇರುವುದನ್ನು ಇರುವ ಹಾಗೆ ಹೇಳಬೇಕು ಎಂಬ ಮಾತಿನ ಪೀಠಿಕೆ ಎಂದು ನಾನು ತಿಳಿದಿದ್ದೇನೆ. ಹಳೆಯ ವ್ಯಾಖ್ಯಾನಗಳಲ್ಲಿ ಈ ಆಯತ್‌ನ ಜೊತೆ ಒಂದು ಪ್ರಸಂಗ ಹೇಳುತ್ತಾರೆ. ಮಕ್ಕಾದಲ್ಲಿ ಒಬ್ಬ ಬುದ್ಧಿವಂತನಿದ್ದ. ಕೇಳಿದ್ದನ್ನೆಲ್ಲ ನೆನಪಿಡುತ್ತಿದ್ದ. ಇವನಿಗೆ ಎರಡು ಹೃದಯ ಇರಬೇಕು ಎಂದು ಜನ ಹೇಳುತ್ತಿದ್ದರು, ಅವನೂ ಹಾಗೆಯೇ ಜಂಬ ಕೊಚ್ಚುತ್ತಿದ್ದ. ಬದ್ರ್ ಯುದ್ಧದಲ್ಲಿ ಸೋತು ಓಡಿಬರುವಾಗ ಅವನ ಒಂದು ಚಪ್ಪಲಿ ಕಾಲಿನಲ್ಲಿ, ಇನ್ನೊಂದು ಕೈಯಲ್ಲಿ. ಯಾಕೆ ಹೀಗೆ ಎಂದು ಕೇಳಿದರೆ, ಎರಡೂ ಕಾಲಿನಲ್ಲೇ ಇವೆ ಎಂದುಕೊಂಡಿದ್ದೆ ಎಂದನಂತೆ. ಆವತ್ತು ಜನರಿಗೆ ಅವನ ಎರಡು ಹೃದಯದ ಸತ್ಯ ತಿಳಿಯಿತು.

ಈಗ ನನ್ನ ಒಂದು ಚಪ್ಪಲಿಯ ಕಥೆ.

ಕಳೆದ ವರ್ಷ ನಮ್ಮ ನೆರೆಯ ಊರಿನಲ್ಲಿ ಒಂದು ಮದುವೆ. ಊಟದ ಎರಡನೇ ಪಂಕ್ತಿ ನಡೆಯುತ್ತಿತ್ತು. ಅಬ್ಬನ ಸ್ನೇಹಿತರೊಬ್ಬರು, ನಾನು ಕಾಕ ಎಂದು ಕರೆಯುತ್ತಿದ್ದವರು, ಬಡಿಸುತ್ತಿದ್ದವರು, ಪಾತ್ರೆ ಕೆಳಗಿಟ್ಟು ಹಾಗೆಯೇ ಕುಸಿದರು. ಕರೆದರೆ ಮಾತಿಲ್ಲ. ಒಬ್ಬರು ಮುಖಕ್ಕೆ ನೀರು ಚಿಮುಕಿಸಿದರು. ಒಬ್ಬರು ಕೈಗೆ ಬೀಗದ ಕೈ ಕೊಟ್ಟರು. ಒಬ್ಬರು ಗಾಳಿ ಬಿಡಿ ಎಂದು ಕೂಗಿದರು. ಯಾರೋ ಮೊಬೈಲ್ ಎತ್ತಿ ಹಿಡಿದಿದ್ದರು. ನಾನು ಎರಡು ಮಾರು ದೂರದಲ್ಲಿದ್ದೆ. ಹೃದಯದ ಚಿತ್ರ ಬರೆದು ಭಾಗಗಳನ್ನು ಗುರುತಿಸಿದರೆ ಒಂದು ಅಂಕವೂ ಹೋಗದ ವಿದ್ಯಾರ್ಥಿ ನಾನು. ಸೈನೋ ಏಟ್ರಿಯಲ್ ನೋಡ್ ಎಲ್ಲಿದೆ ಎಂದು ಕೇಳಿದ್ದರೆ ನಿದ್ದೆಯಲ್ಲೂ ಹೇಳುತ್ತಿದ್ದೆ. ನನ್ನ ಕೈ ಎಲ್ಲಿಡಬೇಕು ಎಂದು ನನಗೆ ಗೊತ್ತಿರಲಿಲ್ಲ.

ಕೊನೆಗೆ ಹೆಂಗಸರ ಕಡೆಯಿಂದ ಚಿಕ್ಕಮ್ಮನ ಮಗಳು ಓಡಿಬಂದಳು. ಅವಳು ನರ್ಸ್. ಬಂದವಳೇ ಮಂಡಿಯೂರಿ ಎದೆ ಒತ್ತಲು ಶುರು ಮಾಡಿದಳು, ವಾಹನ ಬರುವವರೆಗೆ ನಿಲ್ಲಿಸಲಿಲ್ಲ. ಕಾಕ ಉಳಿಯಲಿಲ್ಲ. ಮೊದಲೇ ಯಾರಾದರೂ ಒತ್ತಿದ್ದರೆ ಉಳಿಯುತ್ತಿದ್ದರೇ? ಯಾರೂ ಹೇಳಲಾರರು. ಆದರೆ ಅವಳು ಬರುವ ಮುಂಚಿನ ಆ ಕೆಲವು ನಿಮಿಷ ಅಲ್ಲಿ ಇನ್ನೂರು ಜನರಿದ್ದೆವು, ನಾನ್ನೂರು ಕೈಗಳಿದ್ದವು.

ನಂತರ ಅವಳೇ ನನಗೆ ವಿವರಿಸಿದಳು. ಹೃದಯಾಘಾತ ಬೇರೆ, ಹೃದಯ ಸ್ತಂಭನ ಬೇರೆ. ಆಘಾತದಲ್ಲಿ ಹೃದಯದ ರಕ್ತನಾಳ ಮುಚ್ಚಿಕೊಳ್ಳುತ್ತದೆ. ಹೃದಯ ಬಡಿಯುತ್ತಿರುತ್ತದೆ, ಮನುಷ್ಯ ಮಾತಾಡುತ್ತಿರುತ್ತಾನೆ. ಎದೆ ಬಿಗಿತ, ಬೆವರು, ಕೈಗೋ ದವಡೆಗೋ ಹರಡುವ ನೋವು ಇದ್ದರೆ ಗ್ಯಾಸ್ ಎಂದು ಸೋಡಾ ಕುಡಿದು ಕೂರದೆ ಕೂಡಲೇ ಇಸಿಜಿ ಮಾಡಿಸಬೇಕು. ಸ್ತಂಭನದಲ್ಲಿ ಪಂಪೇ ನಿಂತಿರುತ್ತದೆ. ಕರೆದರೆ ಉತ್ತರವಿಲ್ಲ, ಉಸಿರಿಲ್ಲ ಅಥವಾ ಏದುಸಿರಿನಂಥ ಬಿಕ್ಕು ಮಾತ್ರ. ಆಗ ಸಿಪಿಆರ್ ಇಲ್ಲದೆ ಹೋಗುವ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಸುಮಾರು ನೂರಕ್ಕೆ 7ರಿಂದ 10ರಷ್ಟು ಇಳಿಯುತ್ತದೆ. ಶಿರೂರು, ಬೈಂದೂರು ಕಡೆಯಿಂದ ಮಣಿಪಾಲದ ದೊಡ್ಡ ಆಸ್ಪತ್ರೆಗೆ ಹೆದ್ದಾರಿಯಲ್ಲಿ ಎಷ್ಟು ಹೊತ್ತು ಬೇಕು ಎಂದು ದಿನಾ ಬಸ್ಸಿನಲ್ಲಿ ಬರುವ ನಮಗೆ ಹೇಳಬೇಕಾಗಿಲ್ಲ. ಬ್ರಹ್ಮಾವರದವರು ಹತ್ತಿರದಲ್ಲಿದ್ದಾರೆ ನಿಜ. ಆದರೆ ನಿಂತ ಹೃದಯ ಅವರಿಗಾಗಿಯೂ ಹತ್ತು ನಿಮಿಷ ಕಾಯುವುದಿಲ್ಲ.

ಮೊದಲು 108ಕ್ಕೆ ಕರೆ ಮಾಡಿಸಬೇಕು. ಎದೆಯ ನಡುವೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಣಕೈ ಮಡಚದೆ, ದೊಡ್ಡವರಿಗೆ 5 ಸೆಂಟಿಮೀಟರ್‌ನಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120ರ ವೇಗದಲ್ಲಿ ಒತ್ತಬೇಕು. ಪ್ರತಿ ಸಲ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ಎಷ್ಟೇ ಚೆನ್ನಾಗಿ ಒತ್ತಿದರೂ ಹೃದಯ ಕಳಿಸುವ ರಕ್ತದ ಮೂರರಲ್ಲಿ ಒಂದು ಪಾಲಿನಷ್ಟೂ ಹೋಗುವುದು ಕಷ್ಟ. ಆದರೆ ಮೆದುಳನ್ನು ಉಳಿಸಲು ಅಷ್ಟೂ ಬೇಕು. ಇದನ್ನು ಓದಿ ಕಲಿಯಲು ಆಗುವುದಿಲ್ಲ, ಮಾಡಿಯೇ ಕಲಿಯಬೇಕು. ಅವಳು ನನಗೆ ದಿಂಬಿನ ಮೇಲೆ ಮಾಡಿಸಿದಳು. ಎರಡು ನಿಮಿಷಕ್ಕೆ ನನ್ನ ಬೆವರು ಇಳಿಯಿತು. ಹೃದಯ ದಿನವಿಡೀ ಎಂಥ ಕೆಲಸ ಮಾಡುತ್ತದೆ ಎಂದು ಜೀವಶಾಸ್ತ್ರ ಪುಸ್ತಕಕ್ಕಿಂತ ಹೆಚ್ಚಾಗಿ ನನಗೆ ಆ ದಿಂಬು ಹೇಳಿಕೊಟ್ಟಿತು.

ಆ ಅನ್ಯಗ್ರಹದವನ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ನಮ್ಮ ಎರಡನೇ ಹೃದಯ ನಮ್ಮ ಎದೆಯಲ್ಲಿಲ್ಲ, ಪಕ್ಕದಲ್ಲಿ ನಿಂತವರ ಕೈಯಲ್ಲಿದೆ. ಇದು ಬರೀ ಚಂದದ ಮಾತಲ್ಲ. ನಿಜವಾಗಿಯೂ ಎರಡು ಹೃದಯಗಳೊಂದಿಗೆ ಬದುಕಿದ ಮನುಷ್ಯರಿದ್ದಾರೆ. ದಕ್ಷಿಣ ಆಫ್ರಿಕಾದಲ್ಲಿ ಡಾ. ಕ್ರಿಶ್ಚಿಯನ್ ಬರ್ನಾರ್ಡ್ 1974ರಲ್ಲಿ ರೋಗಿಯ ಹೃದಯವನ್ನು ತೆಗೆಯದೆ ಅದರ ಪಕ್ಕದಲ್ಲೇ ದಾನಿಯ ಹೃದಯವನ್ನು ಜೋಡಿಸಿದರು. 1995ರಲ್ಲಿ ಬ್ರಿಟನ್ನಿನಲ್ಲಿ ಈಜಿಪ್ಟ್ ಮೂಲದ ಡಾ. ಮ್ಯಾಗ್ದಿ ಯಾಕೂಬ್ ಎರಡು ವರ್ಷದ ಮಗುವೊಂದಕ್ಕೆ ಹಾಗೆಯೇ ಮಾಡಿದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಆ ಮಗುವಿನ ಎದೆಯಲ್ಲಿ ಎರಡು ಹೃದಯಗಳಿದ್ದವು. 2006ರಲ್ಲಿ ದಾನಿಯ ಹೃದಯವನ್ನು ತೆಗೆದಾಗ, ಅಷ್ಟು ವರ್ಷ ಭಾರ ಕಡಿಮೆಯಾಗಿದ್ದ ಮಗುವಿನ ಸ್ವಂತ ಹೃದಯ ಚೇತರಿಸಿಕೊಂಡು ಕೆಲಸ ಮಾಡತೊಡಗಿತ್ತು. ಅಲ್ಲಿಯೂ ಎರಡನೇ ಹೃದಯ ಇನ್ನೊಬ್ಬರಿಂದ ಬಂದದ್ದು.

ಆದ್ದರಿಂದ ನಮ್ಮ ಕಾಲೇಜಿಗೆ ನನ್ನದೊಂದು ಕೋರಿಕೆ. ಪ್ರಥಮ ಪಿಯುಸಿಗೆ ಸೇರಿದ ಪ್ರತಿಯೊಬ್ಬರಿಗೂ, ವಿಜ್ಞಾನ, ವಾಣಿಜ್ಯ, ಕಲಾ ಎನ್ನದೆ, ವರ್ಷಕ್ಕೆ ಒಂದು ಮಧ್ಯಾಹ್ನ ಸಿಪಿಆರ್ ಕಲಿಸಬೇಕು. ಉಪನ್ಯಾಸಕರೂ ಕಚೇರಿ ಸಿಬ್ಬಂದಿಯೂ ಕಾಲೇಜು ಬಸ್ಸಿನ ಚಾಲಕರೂ ಜೊತೆಗೆ ಕಲಿಯಬೇಕು.

ಸಮಯ ಎಲ್ಲಿದೆ ಎಂದು ಕೇಳುವವರಿದ್ದಾರೆ. ಬೋರ್ಡ್ ಪರೀಕ್ಷೆ, ನೀಟ್, ಸಿಇಟಿ ನನಗೂ ಇವೆ. ವಾರ್ಷಿಕೋತ್ಸವದ ಡ್ಯಾನ್ಸ್ ಮತ್ತು ದಫ್ ಪ್ರಾಕ್ಟೀಸ್‌ಗೆ ನಾವು ಕೊಡುವ ಸಮಯದಲ್ಲಿ ಒಂದು ಮಧ್ಯಾಹ್ನ ಸಿಗದೇ ಇರದು. ಖರ್ಚಿನ ಮಾತಿಗೆ, ಅಭ್ಯಾಸದ ಬೊಂಬೆಯನ್ನು ತರಬೇತಿ ಕೊಡುವವರೇ ತರುತ್ತಾರೆ. ನಮ್ಮ ಎನ್‌ಎಸ್‌ಎಸ್ ಘಟಕದವರು ರೆಡ್ ಕ್ರಾಸ್ ಅಥವಾ ಯಾವುದಾದರೂ ಆಸ್ಪತ್ರೆಯವರನ್ನು ಕೇಳಿ ನೋಡಬಹುದು.

ನಮ್ಮ ಕಾಲೇಜಿನಲ್ಲಿ ಇನ್ನೊಂದು ಪ್ರಶ್ನೆ ಖಂಡಿತ ಬರುತ್ತದೆ. ಬಿದ್ದಿರುವುದು ಹೆಂಗಸಾಗಿದ್ದು ಹತ್ತಿರವಿರುವುದು ಹುಡುಗನಾಗಿದ್ದರೆ? ಮದುವೆ ಮನೆಯಲ್ಲಿ ನನ್ನ ಅಕ್ಕ ಆ ಪ್ರಶ್ನೆ ಕೇಳಿಕೊಂಡು ನಿಲ್ಲಲಿಲ್ಲ. ಪ್ರಾಣಕ್ಕೆ ಬಂದಾಗ ತಡೆಗಳು ಸಡಿಲವಾಗುತ್ತವೆ ಎಂಬ ಫಿಕ್ಹ್‌ನ ನಿಯಮವನ್ನು ನಮಗೆ ಮದರಸದಲ್ಲೇ ಕಲಿಸಿದ್ದಾರೆ. ತರಬೇತಿಯನ್ನು ಬೇಕಾದರೆ ಹುಡುಗಿಯರಿಗೆ ಮೇಡಂಗಳು, ಹುಡುಗರಿಗೆ ಸರ್‌ಗಳು ಬೇರೆ ಬೇರೆಯಾಗಿ ಕೊಡಲಿ. ಕಲಿಯದೇ ಇರುವುದಕ್ಕೆ ಇದು ಕಾರಣವಾಗದಿರಲಿ.

ಕರಾವಳಿಯವರಾದ ನಮಗೆ ಇದರ ಅಗತ್ಯ ಇನ್ನೂ ಹೆಚ್ಚು. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ಮಳೆಗಾಲದಲ್ಲಿ ನೀರಿಗೆ ಬಿದ್ದವರ ಸುದ್ದಿ ಓದದ ವರ್ಷವಿಲ್ಲ. ನೀರಿನಿಂದ ಎತ್ತಿದವರಿಗೆ ಎದೆ ಒತ್ತುವುದರ ಜೊತೆಗೆ ಬಾಯಿಂದ ಉಸಿರನ್ನೂ ಕೊಡಬೇಕಾಗುತ್ತದೆ. ತರಬೇತಿ ಇಲ್ಲದೆ ಅದು ಬರುವುದಿಲ್ಲ.

ಮುಂದಿನ ಪರೀಕ್ಷೆಯಲ್ಲಿಯೂ ನಾನು ಹೃದಯದ ಚಿತ್ರ ಬರೆಯುತ್ತೇನೆ, ಅಂಕವೂ ಸಿಗುತ್ತದೆ. ಆದರೆ ಕಾಕನ ಮಗ ಈ ವರ್ಷ ನಮ್ಮ ಕಾಲೇಜಿಗೆ ಸೇರಿದ್ದಾನೆ. ದಿನಾ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ಮೊನ್ನೆ ಅವನು ನನ್ನನ್ನು ಕೇಳಿದ, “ಅಣ್ಣ, ನಿಮ್ಮ ಅಕ್ಕ ಅದನ್ನು ನನಗೂ ಕಲಿಸುತ್ತಾರಾ?” ಬರುವ ಭಾನುವಾರ ಅವನು ನಮ್ಮ ಮನೆಗೆ ಬರುತ್ತಾನೆ. ದಿಂಬು ಇದೆ. ಇನ್ನೂ ಯಾರಾದರೂ ಬರುವುದಿದ್ದರೆ ಬನ್ನಿ.